ಹೊಳಿಯವ್ವನ ಪಾಳಿ

ಅಮೇರಿಕಾದಿಂದ ಬಹಾಯಿ ಧರ್ಮದ ಹೆಣ್ಣುಮಗಳೊಬ್ಬಳು ಬರುತ್ತಾಳೆಂದು ಹಾರ ಹಿಡಿದು ರಾಣೆಬೆನ್ನೂರ ಸ್ಟೇಶನ್ನಿಗೆ ಹೋಗಿದ್ದ ಪ್ರಭುಲಿಂಗಪ್ಪ ಮಾಸ್ತರರು ಲುಸಿಲ್‌ಳ ಮುಂದೆಯೇ ಎರಡು ಸಲ ಹಾದುಹೋದರು. ಬೆಳ್ಳನೆಯ ಮುಖ ಹುಡುಕುತ್ತಿದ್ದರು, ಪಾಪ. ಎದುರಿಗೆ ನಿಂತವಳು ಎರೆಮಣ್ಣಿನಷ್ಟು ಕಪ್ಪು. ‘ಅಮೇರಿಕಾದಾಗೂ ನಮ್ಮಂಥಾ ಮಂದಿ ಅದಾರೇನ್ರಿ?’ ಎಂದು ಆಮೇಲೆ ತಮ್ಮ ಹರಕು ಇಂಗ್ಲಿಷಿನಲ್ಲಿ ಕೇಳಿದರು. ಆಕೆ ನಕ್ಕಳು. ನಗದೆ ಮಾಡುವುದೇನು? ಮನುಷ್ಯಕುಲವೆಲ್ಲ ಒಂದೇ ಎಂದು ನಂಬಿ ಸಮುದ್ರ ದಾಟಿ ಬಂದವಳು ಮೊದಲ ದಿನವೇ ಮುಖ ಗಂಟಿಕ್ಕಿಕೊಂಡರೆ ಹೇಗೆ?

ಅದು ೧೯೮೬ರ ಮಾತು. ರಾಣೆಬೆನ್ನೂರಿನಲ್ಲಿ ಒಂದು ಖೋಲಿ ಹಿಡಿದು, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತ, ಒಂದೂವರೆ ವರ್ಷದಲ್ಲಿ ಕನ್ನಡವನ್ನೂ ಕಲಿತಳು. ಬಜಾರಿನಲ್ಲಿ ಆಕೆಯನ್ನು ಬಾಯಿ ತೆರೆದು ನೋಡುವವರು ನೂರು ಜನ. ಸಂಜೆ ಬಾಗಿಲು ಹಾಕಿಕೊಂಡರೆ ಮಾತಾಡಿಸಲು ಒಂದು ನರಪಿಳ್ಳೆಯಿಲ್ಲ. ಒಬ್ಬಳೇ ಉಂಡು ಉಂಡು ಸಾಕಾಗಿತ್ತು. ಹತ್ತೊಂಬತ್ತು ದಿನಕ್ಕೊಮ್ಮೆ ಬಹಾಯಿಗಳು ಒಬ್ಬರ ಮನೆಯಲ್ಲಿ ಕೂಡಿ, ಪ್ರಾರ್ಥಿಸಿ, ಆ ಮನೆಯವರ ಕೈಯಿಂದ ಉಣ್ಣುವ ಔತಣವಿರುತ್ತದೆ. ಅದಕ್ಕೆಂದು ಆಕೆ ಬಸ್ಸು ಹತ್ತಿ ಮಾಸ್ತರರ ಊರಾದ ಬ್ಯಾಡಗಿಗೆ ಓಡಿಬರುತ್ತಿದ್ದಳು.

ಔತಣದ ಪಾಳಿ ಮಾಸ್ತರರಿಂದ ದರ್ಜಿ ಇಸ್ಮಾಯಿಲಸಾಬರಿಗೆ, ಅವರಿಂದ ಮತ್ತೆ ಮಾಸ್ತರರಿಗೆ. ಅವರಂತೆಯೇ ಬಹಾಯಿಯಾಗಿದ್ದ ದಲಿತ ಕೇರಿಯ ಹೊಳಿಯವ್ವನ ಹೆಸರು ಬಂದಾಗ ಮಾತ್ರ, ‘ದಿನಾ ಮೆಣಸಿನಕಾಯಿ ತೊಟ್ಟು ಮುರದು ಬರತಾಳ. ಆಕೀಗ್ಯಾಕ ತ್ರಾಸು?’ ಎನ್ನುತ್ತಿದ್ದರು ಮಾಸ್ತರರು. ಅಬ್ಬಬ್ಬಾ, ಎಂಥ ಕನಿಕರ! ಇಂಥ ಕನಿಕರವನ್ನು ಲುಸಿಲ್ ತಾನು ಹುಟ್ಟಿದ ಅಮೇರಿಕಾದ ಜಾರ್ಜಿಯಾದ ಬಿಳಿಯರಲ್ಲಿ ಬೇಕಾದಷ್ಟು ಕಂಡಿದ್ದಳು. ಒಂದು ದಿನ ತಡೆಯಲಾರದೆ, ‘ಮುಂದಿನ ಪಾಳಿ ಹೊಳಿಯವ್ವಂದು’ ಎಂದುಬಿಟ್ಟಳು. ಎಲ್ಲರೂ ಗೋಣು ಹಾಕಿದರು. ಹೊಳಿಯವ್ವ ನೆಲ ನೋಡಿದಳು.

ಆ ಮನೆಯಲ್ಲಿ ಎಲ್ಲರೂ ಕೂಡಿ ಉಂಡರೆ ತಾನು ಬಂದದ್ದು ಸಾರ್ಥಕ, ಇಲ್ಲದಿದ್ದರೆ ಇಷ್ಟು ದೂರ ಬಂದು ಒಬ್ಬಳೇ ಬಿದ್ದಿರುವುದು ಯಾವ ಪುರುಷಾರ್ಥಕ್ಕೆ ಎಂದು ಲುಸಿಲ್ ದಿನ ಎಣಿಸಿದಳು.

ಎಲ್ಲರೂ ಬಂದರು. ಪ್ರಾರ್ಥನೆಯೂ ಚೆನ್ನಾಗಿಯೇ ಆಯಿತು. ಹೊಳಿಯವ್ವ ಶಿರಾದ ತಾಟು ತಂದಿಡುತ್ತಿದ್ದಂತೆ ಮಾಸ್ತರರು ತಮ್ಮ ಚೀಲದಿಂದ ಬಾಳೆಹಣ್ಣು ತೆಗೆದರು. ಸಿಪ್ಪೆಯಿದ್ದ ಹಣ್ಣಿಗೆ ಯಾರ ಮನೆಯ ಮೈಲಿಗೆಯೂ ತಟ್ಟುವುದಿಲ್ಲವಲ್ಲ!

‘ಇವತ್ತ ನಂದು ಒಪ್ಪತ್ತೈತಿ’ ಎಂದರು. ಇಸ್ಮಾಯಿಲಸಾಬರು ಮಾಸ್ತರರ ಮುಖ ನೋಡಿ, ‘ನನಗೂ ಹೊಟ್ಟಿ ಸರಿ ಇಲ್ರಿ’ ಎಂದು ತಾವೂ ಒಂದು ಹಣ್ಣು ಸುಲಿದರು. ‘ಔತಣ ಭಾಳ ಚಂದಾತು’ ಎನ್ನುತ್ತ ಇಬ್ಬರೂ ಎದ್ದುಹೋದರು.

ಲುಸಿಲ್‌ಗೆ ಸಿಟ್ಟು ಬಂತು. ತಾಟು ಎಳೆದುಕೊಂಡು, ‘ನಾ ತಿಂತೇನಿ. ನಿನ್ನ ಕೈಲೆ ಮಾಡಿದ್ದು ಒಂದು ತುತ್ತೂ ಬಿಡಂಗಿಲ್ಲ’ ಎಂದಳು.

‘ನನ್ನ ಕೈಲೆ ಮಾಡಿದ್ದಲ್ರಿ, ಬಾಯಾರ’ ಎಂದಳು ಹೊಳಿಯವ್ವ. ‘ನಾ ಮಾಡಿದ್ರ ಮುಟ್ಟಂಗಿಲ್ಲಂತ ಗೊತ್ತಿತ್ತು. ಲಿಂಗಾಯತರ ಖಾನಾವಳಿಯಿಂದ ತರಿಸೇನಿ. ಮಾಸ್ತರ ಮನಿಗೂ ಅಲ್ಲಿಂದನ ತರಸ್ತಾರ.’

‘ಹೇಳಬೇಕಿತ್ತಲ್ಲ!’

‘ಏನಂತ ಹೇಳ್ಲಿ? ಇದು ನನ್ನ ಮನೀದಲ್ಲ, ಉಣ್ರಿ ಅಂತ ಹೇಳ್ಲಾ?’

ಲುಸಿಲ್ ತಾಟನ್ನು ಬದಿಗೆ ಸರಿಸಿದಳು. ನಾಲ್ಕು ಮಂದಿಯ ಮುಂದೆ ಈ ಪಾಳಿ ಹೇರಿದವಳು ತಾನೇ. ‘ನಿನಗಂತ ಏನ್ ಮಾಡೀದಿ?’ ಎಂದು ಕೇಳಿದಳು.

‘ರೊಟ್ಟಿ, ಪುಂಡಿಪಲ್ಲೆ.’

‘ಅದನ್ನ ತಾ.’

ಇಬ್ಬರೂ ಎದುರುಬದುರು ಕೂತು ಉಂಡರು. ಯಾರಿಗೂ ಹೇಳದ ಮಾತು ಆಗ ಲುಸಿಲ್ ಬಾಯಿಗೆ ಬಂತು. ‘ನಮ್ಮವ್ವನೂ ಒಮ್ಮೆ ಹಿಂಗ ಮಾಡಿದ್ಳು. ಬಿಳೇ ಮಂದೀನ ಔತಣಕ್ಕ ಕರದು, ಅವರ ಅಂಗಡಿಯಿಂದನ ಕೇಕು ತಂದು, ತಾ ಮಾಡಿದ್ದನ್ನ ಮಂಚದ ಕೆಳಗ ಮುಚ್ಚಿಟ್ಟಿದ್ಳು.’

‘ಬಂದ ಬಿಳೇರು ತಿಂದ್ರೇನ್ರಿ?’

‘ಯಾರೂ ಬರಲಿಲ್ಲ.’

ಹೊಳಿಯವ್ವ ಆಕೆಯ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ‘ಹಂಗಾರ ನಮ್ಮ ಮಂದೀನ ಛಲೋ ಬಿಡ್ರಿ ಬಾಯಾರ, ಇವ್ರು ಬಂದಾರ ಬಂದ್ರು.’

ಆಕೆ ಖರೇನೇ ಸಮಾಧಾನ ಹೇಳುತ್ತಿದ್ದಳು. ಲುಸಿಲ್‌ಗೆ ಮಾತ್ರ ಅವರಿಬ್ಬರೂ ಬಿಟ್ಟುಹೋದ ಬಾಳೆಹಣ್ಣಿನ ಸಿಪ್ಪೆಗಳೇ ಕಾಣುತ್ತಿದ್ದವು.