ಭುಜ ಒಪ್ಪಬೇಕು

ಅವರ ಬಲಭುಜ ಎಡದಕ್ಕಿಂತ ಎರಡು ಬೆರಳು ಮೇಲಿತ್ತು; ಬಾಗಿಲು ಎಷ್ಟೇ ಅಗಲವಿರಲಿ, ಮೊದಲು ಆ ಭುಜ ಒಳಗೆ ಬರಬೇಕು, ಆಮೇಲೆ ಮನುಷ್ಯ. ನಲವತ್ತು ವರ್ಷ ಬಿಲ್ಲು ಮಾಡಿ, ಮಾಡಿದ ಪ್ರತಿಯೊಂದನ್ನೂ ಕಿವಿಯವರೆಗೆ ಎಳೆದು ನೋಡಿ ಬಂದ ಓರೆ ಅದು. ಬೀದಿಗೆಲ್ಲ ಅವರು ಓರೆಭುಜದಣ್ಣ. ಅವರ ಕಂದು ಕೋಟಿನ ಬಲಹೆಗಲ ಹೊಲಿಗೆ ವರ್ಷಕ್ಕೆರಡು ಸಲ ಬಿಟ್ಟುಕೊಳ್ಳುವುದು, ಮಗಳು ಗೊಣಗುತ್ತ ಸೂಜಿ ಹಿಡಿದು ಕೂರುವುದು ಮನೆಯ ವಾಡಿಕೆ. ಈಚಿನ ಮೂರು ವರ್ಷ ಆ ಹೊಲಿಗೆ ಒಮ್ಮೆಯೂ ಬಿಡಲಿಲ್ಲ. ಸದ್ಯ, ಒಂದು ಕೆಲಸ ತಪ್ಪಿತು ಎಂದುಕೊಂಡಿದ್ದಳು ಅವಳು.

ಎಳೆತ ತೂಗುವ ತಕ್ಕಡಿಯನ್ನು ಅವರು ಕಾರ್ಯಾಗಾರದ ಹೊಸಿಲು ದಾಟಿಸಿದವರಲ್ಲ. "ಭುಜ ಒಪ್ಪಬೇಕು," ಅಷ್ಟೇ ಅವರ ಶಾಸ್ತ್ರ. ಒಪ್ಪಿದರೆ ಕಾದ ಕಂಬಿಯಿಂದ ಹಿಡಿಯ ಕೆಳಗೊಂದು ಕಪ್ಪು ಬೊಟ್ಟು. ಎಳೆತ ಬಿಗಿಯೆನಿಸಿದರೆ ನಡುವಿನ ದಪ್ಪ ಹಿಡಿಯನ್ನು ಎರಡೂ ತುದಿಯಿಂದ ಅರದಲ್ಲಿ ಉಜ್ಜಿ ಗಿಡ್ಡ ಮಾಡುವರು. ಬಿಲ್ಲಿನ ಉದ್ದ ಅಷ್ಟೇ ಇದ್ದು, ಬಾಗದ ಹಿಡಿ ಗಿಡ್ಡವಾದಷ್ಟೂ ಅದರ ಎರಡೂ ಬದಿಯ ಬಾಗುವ ತೋಳು ಉದ್ದವಾಗುತ್ತದೆ, ಎಳೆತ ಸಡಿಲುತ್ತದೆ.

ಬಿಲ್ವಿದ್ಯೆ ಕಲಿಸುವ ಮೇಷ್ಟ್ರು ಅವರಿಗೆ ಉಳಿದಿದ್ದ ಒಬ್ಬರೇ ಗಿರಾಕಿ. ಒಂದು ದಿನ ಮೇಷ್ಟ್ರು ಮೂರು ಬಿಲ್ಲು ವಾಪಸ್ಸು ತಂದರು.

"ಅಣ್ಣಾ, ಇವು ಬಾಣ ಹೊಡೆಯಲ್ಲ, ಬೀಳ್ಕೊಡ್ತವೆ. ಪಾಪ, ಗುರಿ ಮುಟ್ಟೋದ್ರೊಳಗೆ ಬಾಣಕ್ಕೇ ಸುಸ್ತು!"

"ಈಗಿನ ಮರವೇ ಗಡಸು ಮೇಷ್ಟ್ರೇ. ಇನ್ನೂ ಸ್ವಲ್ಪ ಉಜ್ಜಬೇಕಿತ್ತು."

ಮೇಷ್ಟ್ರ ನಗು ಇಂಗಿತು. "ಮುಂದಿನದೂ ಹೀಗೇ ಇದ್ರೆ ನಾನು ಬೇರೆ ಕಡೆ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಮಗಳು ಗೋಡೆಯ ಮೇಲಿದ್ದ ಹಳೆಯ ಬಿಲ್ಲನ್ನು ಇಳಿಸಿ, ಆ ಮೂರನ್ನೂ ಅದರ ಪಕ್ಕ ಸಾಲಾಗಿ ಮಲಗಿಸಿದಳು. ಹಳೆಯದರ ಹಿಡಿ ಒಂದು ಗೇಣು. ಹೊಸವು ಆರು ಬೆರಳು, ಐದು, ನಾಲ್ಕು. ಅವಳು ಸ್ಪ್ರಿಂಗ್ ತಕ್ಕಡಿ ಕೇಳಿ ತಂದು ಹೆದೆಗೆ ಸಿಕ್ಕಿಸಿ ಎಳೆದಳು: ಹಳೆಯದಕ್ಕೆ ನಲವತ್ತು ಪೌಂಡು, ಕೊನೆಯದಕ್ಕೆ ಇಪ್ಪತ್ತೆರಡು.

"ಅಪ್ಪಾ, ಮರ ಗಡಸಾಗಿಲ್ಲ."

ಅವರು ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತರು. "ಯಾವಾಗಿಂದ ಗೊತ್ತು ನಿಂಗೆ?"

"ಇವತ್ತೇ," ಅಂದಳು; ಮೂರು ವರ್ಷ ಬಿಡದ ಕೋಟಿನ ಹೊಲಿಗೆ ನೆನಪಾಗಿ ತಲೆ ತಗ್ಗಿಸಿದಳು.

ಉಜ್ಜಿದ ಮರವನ್ನು ಮತ್ತೆ ಅಂಟಿಸಲಾಗದು. ಹೊಸ ಮರದಲ್ಲಿ ಇನ್ನೊಂದು ಬಿಲ್ಲು ಮಾಡಿದರು, ಹಿಡಿ ಪೂರ್ತಿ ಒಂದು ಗೇಣು. ಮುಳ್ಳು ನಲವತ್ತಕ್ಕೆ ಬಂದು ನಿಂತಿತು. ಮೇಷ್ಟ್ರು ಎಳೆದು ನೋಡಿ, "ಇದಣ್ಣಾ ನಿಮ್ಮ ಬಿಲ್ಲು ಅಂದ್ರೆ!" ಎಂದು ಕುಣಿದಾಡಿದರು. ಆಮೇಲೆ ಓರೆಭುಜದಣ್ಣ ತಾವೇ ಎಳೆದರು. ಹೆದೆ ಎದೆಯವರೆಗೆ ಬಂದು, ನಡುಗಿ, ಅಲ್ಲಿಂದ ಒಂದಂಗುಲವೂ ಹಿಂದೆ ಸರಿಯಲಿಲ್ಲ. ಬಿಲ್ಲನ್ನು ಮೇಜಿನ ಮೇಲಿಟ್ಟು ಕಿಟಕಿಯತ್ತ ತಿರುಗಿ ಕೂತರು. ಕಂಬಿ ಒಲೆಯಲ್ಲಿ ಕೆಂಪಗೆ ಕಾದಿತ್ತು. ಅದರ ಹತ್ತಿರ ಹೋಗಲಿಲ್ಲ.

ಮೇಷ್ಟ್ರು ಕಾಯುತ್ತಿದ್ದರು. ಕೊನೆಗೆ ಮಗಳೇ ಬೊಟ್ಟು ಸುಟ್ಟಳು. ಸುಟ್ಟ ಮರದ ವಾಸನೆಗೆ ಅವರು ತಿರುಗಿದರು.

"ಯಾರ ಭುಜ ಒಪ್ತು ತಾಯಿ?"

ಅವಳು ಬಿಲ್ಲನ್ನು ಮೇಷ್ಟ್ರ ಕೈಗಿಟ್ಟಳು. ಬಿಲ್ಲು ಹೋಯಿತು. ಅದೇ ಸಂಜೆ ಅರಗಳಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟವರು ಮತ್ತೆ ತೆಗೆಯಲಿಲ್ಲ.

ತಮ್ಮ ದೇಹವನ್ನೇ ಮಾನದಂಡವಾಗಿಸಿಕೊಂಡ ಕುಶಲಕರ್ಮಿಗಳ ಪಾಡು ಇದು. ತಾವು ಕುಗ್ಗಿದ್ದು ಅವರಿಗೆ ತಿಳಿಯುವುದಿಲ್ಲ, ಲೋಕವೇ ಗಡಸಾದಂತೆ ಕಾಣುತ್ತದೆ. ತಮಗೆ ಮಣಿಯುವವರೆಗೆ ಅದನ್ನು ಉಜ್ಜುತ್ತಲೇ ಹೋಗುತ್ತಾರೆ, ಮತ್ತು ಅದು ಸುಲಭವಾಗಿ ಮಣಿದ ದಿನ, ಪಾಪ, ಭುಜ ಒಪ್ಪಿತೆಂದು ಸಂತೋಷಪಡುತ್ತಾರೆ.