ಬೊಮಾಸ್ ಸ್ಟಾಪಿನ ಮೌನ

ರೊಂಗಾಯಿಯಿಂದ ನೈರೋಬಿ ಪೇಟೆಗೆ ಹೋಗುವ ಆ ಮಟಾಟುವಿನ, ಅಂದರೆ ಬಾಡಿಗೆ ವ್ಯಾನಿನ, ಹಾಡು ದಿನವೂ ಬೊಮಾಸ್ ಸ್ಟಾಪಿನ ಹತ್ತಿರ ತಾನಾಗಿ ನಿಂತುಹೋಗುತ್ತಿತ್ತು. ನನ್ನ ಗಂಡ ಒಂಬಾಟಿ, ಆ ಗಾಡಿಯ ಸ್ಪೀಕರಿಗೆಂದು ರೊಂಗಾಯಿಯ ನಮ್ಮ ಸೌಂಡು ಅಂಗಡಿಯಿಂದ ತಂತಿ ತರಲು ಹೊರಟವರು, ರಸ್ತೆ ದಾಟುವಾಗ ಸತ್ತದ್ದೂ ಅಲ್ಲಿಯೇ.

“ಕೆಮುಂಟೊ ಅಮ್ಮ, ಒಂಬಾಟಿ ಅಣ್ಣ ಇನ್ನೂ ನಮ್ಮ ಗಾಡಿ ಬಿಟ್ಟಿಲ್ಲ,” ಎಂದ ಕಂಡಕ್ಟರ್ ಮುತಿಸೊ. “ಬದುಕಿದ್ದಾಗ ಸೌಂಡು ಜಾಸ್ತಿ ಮಾಡೋ ಅಂತಿದ್ರು. ಈಗ ನೋಡಿದ್ರೆ ಬಾಯಿ ಮುಚ್ಚಿಸ್ತಾರೆ! ಹಾಡಿಲ್ಲ ಅಂತ ಹುಡುಗರೆಲ್ಲ ಬೇರೆ ಗಾಡಿ ಹತ್ತುತ್ತಾರೆ. ಮಾಲೀಕರು ದೆವ್ವ ಬಿಡಿಸೋಕೆ ಪಾದ್ರಿ ಕರೆಸ್ತಾರಂತೆ.”

“ಪಾದ್ರಿ ಬೇಡ. ಗಾಡಿ ಅಂಗಡಿಗೆ ತಗೊಂಡ್ ಬಾ.”

ಅವರು ಹೋದ ಈ ಎರಡು ತಿಂಗಳಿಂದ ದಿನವೂ ಬೆಳಿಗ್ಗೆ ನಾನು ಅದೇ ಗಾಡಿ ಹತ್ತುವುದನ್ನು ಅವನು ನೋಡುತ್ತಿದ್ದ; ಪೇಟೆಯಲ್ಲಿ ನನಗೆ ಕೆಲಸವೇ ಇರಲಿಲ್ಲ ಎಂದು ಮಾತ್ರ ಹೇಳಲಿಲ್ಲ. ಹಾಡು ನಿಂತೊಡನೆ ಸೀಟಿನಲ್ಲಿ ತುಸು ಸರಿದು ಜಾಗ ಬಿಡುತ್ತಿದ್ದೆ. ಪಕ್ಕದಲ್ಲಿ ಯಾರೋ ಕೂತ ಹಾಗಾಗುತ್ತಿತ್ತು.

ಗಾಡಿ ಹಾಡು ಹಾಕಿಕೊಂಡೇ ಅಂಗಡಿಗೆ ಬಂತು. ಹಿಂದಿನ ಸೀಟಿನ ಕೆಳಗಿದ್ದ ಪೆಟ್ಟಿಗೆ ಬಿಚ್ಚಿದೆ. ಎರಡು ದೊಡ್ಡ ಸ್ಪೀಕರ್‌ಗಳು, ಒಂದೊಂದರ ವಿದ್ಯುತ್ ತಡೆ ಎರಡು ಓಮ್. ಕೆಂಪು ತಂತಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿದ್ದವು. ಅದು ನನ್ನದೇ ಗಂಟು. ಒಂದರ ಕಪ್ಪನ್ನು ಇನ್ನೊಂದರ ಕೆಂಪಿಗೆ ಕಟ್ಟು, ಒಟ್ಟು ನಾಲ್ಕು ಓಮ್ ಆಗಬೇಕು, ಅದಕ್ಕಿಂತ ಕಡಿಮೆಯಾದರೆ ಈ ಆಂಪ್ಲಿಫೈಯರ್ ಕಾಯುತ್ತದೆ ಎಂದು ಹೇಳಿಯೇ ಅವರು ಹೊರಟಿದ್ದರು. ಗಂಟು ಹಾಕುತ್ತಿದ್ದಾಗ ಸುದ್ದಿ ಬಂತು. ಆಮೇಲೆ ಕೈ ಏನು ಮಾಡಿತೋ ನನಗೆ ನೆನಪಿಲ್ಲ.

“ಮೀಟರ್ ನಾಲ್ಕರ ಬದಲು ಒಂದೇ ಓಮ್ ತೋರಿಸ್ತಿದೆ, ನೋಡು. ಅರ್ಧ ಗಂಟೆ ಜೋರಾಗಿ ಹಾಡಿದ್ರೆ ಆಂಪ್ಲಿಫೈಯರ್ ಕಾದು ಆಫ್ ಆಗತ್ತೆ. ಇಲ್ಲಿಂದ ಬೊಮಾಸ್‌ಗೆ ಅರ್ಧ ಗಂಟೆ.”

ಮುತಿಸೊ ಬಾಯಿ ತೆರೆದ. “ಅಂದ್ರೆ ಇಷ್ಟು ದಿನ ದೆವ್ವ ನೀವೇನಾ?”

ನಗು ಬರಲಿಲ್ಲ. ಗಂಟು ಹಾಗೇ ಬಿಟ್ಟರೆ ನಾಳೆಯೂ ಅವರು ಬರುತ್ತಾರೆ. ಆಂಪ್ಲಿಫೈಯರ್ ಮುಟ್ಟಿದೆ, ಬೆರಳು ಸುಟ್ಟಿತು. ಅದರ ಮೇಲಿನ ಸೀಟಿನಲ್ಲಿ ದಿನವೂ ಶಾಲೆಯ ಮಕ್ಕಳು ಕೂರುತ್ತವೆ. ಗಂಟು ಬಿಚ್ಚಿದೆ. ಕಪ್ಪನ್ನು ಕೆಂಪಿಗೆ ಕಟ್ಟಿದೆ. ಮೀಟರ್ ನಾಲ್ಕು ತೋರಿಸಿತು.

ಮರುದಿನ ಬೆಳಿಗ್ಗೆ ಅದೇ ಸೀಟಿನಲ್ಲಿ ಕೂತೆ. ಬೊಮಾಸ್ ಬಂತು. ಹಾಡು ನಿಲ್ಲಲಿಲ್ಲ. ಸ್ಪೀಕರಿನ ಸದ್ದಿಗೆ ಎದೆಗೂಡು ಅದುರುತ್ತಿತ್ತು, ಹುಡುಗರು ಕುಣಿಯುತ್ತಿದ್ದರು, ಕಿಟಕಿಯಾಚೆ ಆ ಜಾಗ ಹಿಂದಕ್ಕೆ ಸರಿಯತೊಡಗಿತು.

ಆ ಸದ್ದಿನಲ್ಲಿ ಕೂಗಿದರೆ ಡ್ರೈವರ್‌ಗೆ ಕೇಳುವುದಿಲ್ಲ. ಇಳಿಯುವವರು ಗಾಡಿಯ ತಗಡು ಬಡಿಯಬೇಕು. ನನ್ನ ಕೈ ತಾನಾಗಿ ಎದ್ದು ಬಡಿಯಿತು.

ಗಾಡಿ ನಿಂತಿತು. ಮುತಿಸೊ ಬಾಗಿಲು ಎಳೆದ. ಯಾರೂ ಏಳಲಿಲ್ಲ.

“ಯಾರ್ರೀ ಇಳಿಯೋರು? ಬೇಗ, ಬೇಗ!” ಎಂದವನು ನನ್ನ ಮುಖ ನೋಡಿ ಬಾಗಿಲನ್ನು ಹಾಗೇ ತೆರೆದು ಹಿಡಿದ.

ಪಕ್ಕದ ಖಾಲಿ ಸೀಟಿನಿಂದ ಬಾಗಿಲವರೆಗೆ ಒಬ್ಬರು ಹೋಗುವಷ್ಟು ಹೊತ್ತು ಕಾದೆ.

“ಇಳಿದ್ರು,” ಎಂದೆ. “ಹೊರಡಿಸು.”