ಹುಣಸೆಮರದ ತಿರುವಿನ ಕಟಕಟ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮಮ್ಮ ಮದುವೆಯ ಮಾತುಕತೆಯಲ್ಲೇ ಬೀಗರಿಗೆ ಹೇಳಿಬಿಟ್ಟಿದ್ದಳು. ಕಾರಿನ ವಿಷಯವನ್ನೂ ಅವಳೇ ಎತ್ತಿದಳು. ದಂಡಿನಶಿವರದಿಂದ ಹೊನ್ನವಳ್ಳಿಗೆ ಹುಡುಗಿ ಬಂದರೆ ಅವಳ ಕೆಂಪು ಕಾರೂ ಬರುತ್ತದೆ, ಮಣ್ಣಿನ ಟ್ರ್ಯಾಕಿನಲ್ಲಿ ರೇಸ್ ಓಡಿಸುವ ಹುಚ್ಚಿದೆ, ಬಿಡಿಸಲು ನಮ್ಮಿಂದಾಗಲಿಲ್ಲ ಎಂದಳು. ಮಾವ ಗಂಗಾಧರಯ್ಯನವರು ವೀಳ್ಯದೆಲೆಗೆ ಸುಣ್ಣ ಸವರುತ್ತಾ, "ನೋಡಾಣ" ಎಂದರು.

ನೋಡಾಣ ಎಂದವರು ಆಮೇಲೆ ನೋಡಿದ್ದನ್ನು ನಾನಂತೂ ಕಂಡಿಲ್ಲ. ಅದು ಬೇಡ ಎನ್ನುವುದರ ಮರ್ಯಾದಸ್ಥ ರೂಪ ಎಂದುಕೊಂಡು, ಮದುವೆಯಾದ ಮೇಲೆ ರೇಸಿನ ಸುದ್ದಿಯನ್ನೇ ಎತ್ತಲಿಲ್ಲ. ಗಂಡ ಪುನೀತನನ್ನು ಕೇಳಿದರೆ "ಅಪ್ಪನ್ನೇ ಕೇಳು" ಎಂದು ತೋಟದ ಡ್ರಿಪ್ ಪೈಪುಗಳ ನಡುವೆ ಮಾಯವಾಗುತ್ತಿದ್ದ. ಕಾರು ನನ್ನನ್ನು ತಿಪಟೂರಿನ ಆಫೀಸಿಗೆ ಕರೆದೊಯ್ದು ಸಂಜೆ ವಾಪಸು ತರುವ ಸಾಧು ಪ್ರಾಣಿಯಾಯಿತು.

ಆದರೆ ಅದರೊಳಗಿನ ಕಸುವು ಹಾಗೇ ಇತ್ತು. ಮದುವೆಗೆ ಮೊದಲೇ ಇಂಜಿನ್‌ನ ಶಕ್ತಿ ಹೆಚ್ಚಿಸಿದ್ದೆ. ಸೈಲೆನ್ಸರ್ ಮಾತ್ರ ಊರಿಗೆ ಹೆದರಿ ಮೊದಲಿನದೇ ಉಳಿಸಿದ್ದೆ. ಆ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಆಕ್ಸಲ್‌ಗಳು ಕಂಪನಿಯವೇ. ಎತ್ತು ಬಲಿತರೂ ನೊಗ ಹಳೆಯದೇ ಎಂಬಂತೆ ಅವು ಸವೆದವು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರದಿಂದ ಕಟಕಟ ಸದ್ದು. ನಮ್ಮ ಮನೆಗೆ ತಿರುಗುವ ಹುಣಸೆಮರದ ಬಳಿ ಹಾಗೆ ತಿರುಗಿಸಲೇಬೇಕು.

ಮಾವನದು ಸದ್ದು ಕೇಳುವ ಕಸುಬು. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಗುಳುಗುಳು ಎಂದರೆ ಒಳಗೆ ಇನ್ನೂ ನೀರಿದೆ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಗಡಗಡ ಎಂದರೆ ಮಾಗಿದೆ. ಏನೂ ಅನ್ನದಿದ್ದರೆ ಮುಖ ಸಿಂಡರಿಸಿ ಪಕ್ಕಕ್ಕೆ ಎಸೆಯುತ್ತಾರೆ. ಅತ್ತೆ ತೀರಿಕೊಂಡ ಮೇಲೆ ಸಂಜೆಯ ಕಾಫಿಯನ್ನೂ ಅವರೇ ಮಾಡುತ್ತಿದ್ದರು. ನಾನು ಒಳಗೆ ಕಾಲಿಡುವಾಗ ಹಾಲು ಉಕ್ಕುತ್ತಿರುತ್ತಿತ್ತು. ಅವರ ಕಾಫಿಯ ಹೊತ್ತೂ ನಾನು ಬರುವ ಹೊತ್ತೂ ಒಂದೇ, ನನ್ನ ಅದೃಷ್ಟ ಎಂದುಕೊಂಡಿದ್ದೆ.

ಅಷ್ಟರಲ್ಲಿ ಮಾಯಸಂದ್ರದ ಕಡೆ ಭಾನುವಾರ ಮಣ್ಣಿನ ರೇಸಿದೆ ಎಂಬ ಸುದ್ದಿ ಬಂತು. ನನಗೆ ತಡೆಯಲಾಗಲಿಲ್ಲ. ಹಾಸನ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಉಮರ್ ಫಾರೂಖ್ ಬಳಿ ಕಾರು ಬಿಟ್ಟು, ಎರಡೂ ಬದಿಗೆ ರೇಸಿನ ಗಟ್ಟಿ ಆಕ್ಸಲ್ ಹಾಕಿಸಿದೆ. ಮನೆಯಲ್ಲಿ ಉಮರ್ ಗ್ಯಾರೇಜಿನಲ್ಲಿ ಸರ್ವೀಸ್ ಎಂದಷ್ಟೇ ಹೇಳಿದೆ. ಮಾವನನ್ನು ಕೇಳುವುದು ಹೇಗೆ ಎಂಬುದೊಂದು ಉಳಿದಿತ್ತು. ಅವರು ಬೇಡ ಎಂದರೆ ಈ ಮನೆಯಲ್ಲಿ ನಾನು ಅರ್ಧ ಮನುಷ್ಯಳಾಗಿಯೇ ಇರಬೇಕಾಗುತ್ತದೆ ಎಂಬ ಭಯ ನನಗೆ ನಿಜವಾಗಿಯೂ ಇತ್ತು.

ಹುಣಸೆಮರದ ಬಳಿ ಕಾರು ಬೆಣ್ಣೆಯ ಹಾಗೆ ತಿರುಗಿತು. ಆದರೆ ಆ ಸಂಜೆ ಒಲೆಯ ಮೇಲೆ ಹಾಲಿರಲಿಲ್ಲ. ಮಾವ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡು ಬೆಚ್ಚಿ, ಕಾರನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು. ಮರುದಿನವೂ ಅದೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಇವರಿಗೆ ಎಲ್ಲ ಗೊತ್ತಾಗಿದೆ, ಕೋಪಕ್ಕೆ ಕಾಫಿ ನಿಲ್ಲಿಸಿದ್ದಾರೆ ಎಂದು ನಾನೇ ತೀರ್ಮಾನಿಸಿದೆ. ನನಗೂ ಕೋಪ ಬಂತು. ಒಂದು ಲೋಟ ಕಾಫಿಯಲ್ಲಿ ಮನುಷ್ಯರ ಸಣ್ಣತನ ತಿಳಿಯುತ್ತದೆ ಎಂದೆಲ್ಲ ಯೋಚಿಸಿದೆ.

ಶುಕ್ರವಾರ ಆಫೀಸಿನಲ್ಲಿದ್ದಾಗ ಉಮರ್ ಫೋನ್ ಮಾಡಿದ. "ಅಕ್ಕ, ಬೇಗ ಬನ್ನಿ. ನಿಮ್ ಮಾವ್ನೋರು ಬಸ್ಸಲ್ಲಿ ಬಂದವ್ರೆ. ಹಳೇ ಆಕ್ಸಲ್ಲೇ ವಾಪಸ್ ಹಾಕು ಅಂತ ಪಟ್ಟು ಹಿಡ್ಕೊಂಡು ಕೂತವ್ರೆ."

ಹೋಗಿ ನೋಡಿದರೆ ಮಾವ ಸ್ಟೂಲಿನ ಮೇಲೆ ಕೂತಿದ್ದಾರೆ. ಬಿಳಿ ಪಂಚೆಗೆಲ್ಲ ಗ್ರೀಸು, ತೊಡೆಯ ಮೇಲೆ ನನ್ನ ಹಳೆಯ ಆಕ್ಸಲ್. ಕೈಯಲ್ಲಿದ್ದ ಕಾಯಿಯನ್ನು ಉಮರನ ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು.

"ಕೇಳಪ್ಪ. ಮಾಗಿರೋದು ಹಿಂಗೆ ಸದ್ದು ಮಾಡುತ್ತೆ. ಸದ್ದಿಲ್ದೇ ಇದ್ರೆ ಒಳಗೆ ಕೊಳೆತೈತೆ ಅಂತ. ನಮ್ ಹುಡುಗಿ ಗಾಡಿ ಎಷ್ಟು ಚೆಂದಾಗಿ ಕಟಕಟ ಅಂತಿತ್ತು! ನೀನು ಒಳಗಿಂದೇನೋ ತೆಗ್ದುಬುಟ್ಟಿದ್ದೀಯ."

"ಮಾವ, ರೇಸಿಗೆ ಹೋಗ್ಬೇಡ ಅನ್ನೋದಾದ್ರೆ ನನ್ಗೇ ಹೇಳಿ. ಇವರ ಹತ್ರ ಯಾಕೆ ಜಗಳ?" ಎಂದು ನಾನು ಸಿಡಿದೆ.

ಅವರು ಪಿಳಿಪಿಳಿ ನೋಡಿದರು. "ರೇಸಾ? ರೇಸಿನ ಮಾತು ಯಾರೆತ್ತಿದ್ರು? ಆ ಸದ್ದಿಲ್ದಿದ್ರೆ ನೀನು ಬಂದಿದ್ದು ನಂಗೆ ಹೆಂಗವ್ವ ಗೊತ್ತಾಗ್ಬೇಕು? ಇಂಜಿನ್ ಸದ್ದು ಎಲ್ಲಾ ಗಾಡಿದೂ ಒಂದೇ. ಹುಣಸೆಮರದ ತಾವ ಕಟಕಟ ಅಂದ್ರೆ, ಸದ್ಯ ಬಂದ್ಲಲ್ಲ ಅಂತ ಹಾಲಿಡ್ತಿದ್ದೆ. ಈಗ ಬಾಗ್ಲಲ್ಲಿ ನಿಂತು ಎಷ್ಟು ಕಿವಿ ಕೊಟ್ರೂ ಇಲ್ಲ. ದುತ್ತಂತ ಅಂಗಳದಲ್ಲಿ ನಿಂತಿರ್ತೀಯ."

ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ದಿನವೂ ಯಾರೋ ನನಗಾಗಿ ಕಿವಿ ತೆರೆದು ಕೂತಿದ್ದರು, ನಾನು ಅದನ್ನು ಅದೃಷ್ಟ ಎಂದು ಕರೆದು ಕಾಫಿ ಕುಡಿದು ಲೋಟ ತೊಳೆದಿಟ್ಟಿದ್ದೆ.

ಉಮರ್ ಮೆಲ್ಲಗೆ ಅವರ ತೊಡೆಯ ಮೇಲಿನ ಆಕ್ಸಲ್‌ನ ತುದಿ ತಿರುಗಿಸಿದ. ಸವೆದ ಜಾಯಿಂಟು ಕಟಕಟ ಎಂದಿತು. "ಯಜಮಾನ್ರೇ, ಇದು ಮಾಗಿರೋ ಸದ್ದಲ್ಲ, ಸವೆದಿರೋ ಸದ್ದು. ಜೋರಾಗಿ ಹೋಗ್ತಾ ತಿರುವಲ್ಲಿ ಮುರಿದಿದ್ರೆ ಗಾಡಿ ಅಕ್ಕನ ಕೈಗೆ ಸಿಗ್ತಿರ್ಲಿಲ್ಲ."

ಮಾವ ತಾವೇ ಆ ತುದಿಯನ್ನು ಇನ್ನೊಮ್ಮೆ ತಿರುಗಿಸಿ ಕಿವಿ ಕೊಟ್ಟರು.

"ಮುರಿಯೋ ಸದ್ದಾ ಇದು?" ಎಂದರು. "ದಿನಾ ಇದನ್ನ ಕೇಳಿ ಸಮಾಧಾನ ಪಟ್ಕೊಂತಿದ್ನಲ್ಲವ್ವ ನಾನು."

ನಾನು ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಪಂಚೆಯ ಗ್ರೀಸನ್ನು ಒರೆಸಲು ಹೋಗಿ ಇನ್ನಷ್ಟು ಹರಡಿದೆ. ಅವರು ಎದ್ದು ಆಕ್ಸಲ್ಲನ್ನು ಉಮರನಿಗೆ ಕೊಟ್ಟು, "ಇದನ್ನ ಇನ್ಯಾರ ಗಾಡಿಗೂ ಹಾಕ್ಬೇಡ ಕಣಪ್ಪ" ಎಂದರು. ಕಾಯಿಯನ್ನೂ ಅವನ ಕೈಗಿಟ್ಟು, "ಮನೇಗೆ ತಗೊಂಡೋಗು, ಒಳ್ಳೇ ಕೊಬ್ಬರಿ" ಎಂದರು.

ವಾಪಸು ಬರುವಾಗ ಅವರು ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದರು. ಮದುವೆಯಾದ ಮೇಲೆ ಅದೇ ಮೊದಲು. ಹುಣಸೆಮರ ಬಂತು. ಕಿಟಕಿಯಾಚೆ ತಲೆ ಹಾಕಿ ಚಕ್ರದತ್ತ ಕಿವಿ ಕೊಟ್ಟರು. ನಾನು ಬೇಕೆಂದೇ ಸ್ಟಿಯರಿಂಗ್ ಪೂರ್ತಿ ತಿರುಗಿಸಿದೆ. ಏನೂ ಕೇಳಲಿಲ್ಲ.

"ಗಟ್ಟಿಯಾಗೈತೆ ಬುಡು," ಎಂದರು. ತಲೆಯನ್ನು ಒಳಗೆಳೆದುಕೊಂಡು, "ಭಾನುವಾರ ನಾನೂ ಬತ್ತೀನಿ."

"ಧೂಳು ಮಾವ ಅಲ್ಲಿ. ಬಿಸ್ಲು ಬೇರೆ."

"ಇರ್ಲಿ ಬುಡು. ಈ ಗಾಡಿ ಇನ್ನು ಸದ್ದೇ ಮಾಡಲ್ಲ. ಮನೇಲಿ ಕೂತು ನಾನೇನನ್ನ ಕೇಳಿಸ್ಕೊಳ್ಲಿ? ಕಣ್ಣಾರೆ ನೋಡ್ತೀನಿ."

ಆ ಸಂಜೆ ಹಾಲು ನಾನಿಟ್ಟೆ.